ಕಾರಿನ ಡೀಟೇಲಿಂಗ್ ಕಿಟ್ ಚಳಿಗಾಲದಲ್ಲಿ ಮನೆಯೊಳಗೆ: ಯಾವುದಕ್ಕೆ ಹಾಕಬಹುದು, ಯಾವುದಕ್ಕೆ ಹಾಕಲೇಬಾರದು

ಡಿಸೆಂಬರ್, ಜನವರಿಯಲ್ಲಿ ಹೊರಗೆ ನಿಂತು ಕಾರಿನ ಡೀಟೇಲಿಂಗ್, ಅಂದರೆ ತೊಳೆದು ಪಾಲಿಷ್ ಮಾಡುವ ಸೂಕ್ಷ್ಮ ಕೆಲಸ, ಮಾಡುವವರಿಗೆ ಹೊತ್ತೇ ಸಿಗುವುದಿಲ್ಲ. ಬೆಳಗ್ಗೆ ಬಿಸಿಲು ಏರುವವರೆಗೂ ಬಾನೆಟ್ ಮೇಲೆ ಇಬ್ಬನಿ, ಸಂಜೆ ಆರು ದಾಟಿದರೆ ಬೆಳಕಿಲ್ಲ. ಹಾಗಂತ ಪಾಲಿಷಿಂಗ್ ಮಶೀನು, ಪ್ಯಾಡು, ಬಟ್ಟೆಗಳನ್ನು ಮೂಲೆಗೆ ಸೇರಿಸಬೇಕಾಗಿಲ್ಲ. ಮನೆಯೊಳಗಿನ ದೊಡ್ಡ ಕ್ಲೀನಿಂಗ್‌ಗೆ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಒಣ ಗಾಳಿಗೆ ಸೋಫಾ ಬೇಗ ಆರುತ್ತದೆ. ಫ್ಯಾನುಗಳು ಹೇಗೂ ನಿಂತಿರುತ್ತವೆ. ಮಲೆನಾಡಿನ ಕಡೆ ಮಳೆಗಾಲದಲ್ಲಿ ಹಿಡಿದ ಬೂಷ್ಟು ಒಣಗಿ ಪುಡಿಯಾಗಿರುತ್ತದೆ. ಪಾಲಿಷ್, ಕೋಟಿಂಗ್‌ಗಳ ಡಬ್ಬಿಯ ಮೇಲೆ ಬರೆದಿರುವ 15ರಿಂದ 25 ಡಿಗ್ರಿ ಈಗ ತಾನಾಗಿಯೇ ಸಿಗುತ್ತದೆ. ಸಂಕ್ರಾಂತಿಗೆ ಮನೆ ಸ್ವಚ್ಛ ಮಾಡುವವರು ಹೇಗೂ ಇರುವ ಕೆಲಸವನ್ನೇ ಸ್ವಲ್ಪ ಹದವಾಗಿ ಮಾಡಬಹುದು.

ಒಂದು ಮಾತು ಮೊದಲೇ ಸ್ಪಷ್ಟ ಇರಲಿ. ಕಾರಿನಿಂದ ಮನೆಗೆ ಬರಬೇಕಾದದ್ದು ಕೈಗೆ ಹತ್ತಿರುವ ಅಭ್ಯಾಸ. ಮೇಲ್ಮೈ ಯಾವುದೆಂದು ತಿಳಿದುಕೊಳ್ಳುವುದು, ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡುವುದು, ಎಲ್ಲಕ್ಕಿಂತ ಮೃದುವಾದ ಉಪಾಯದಿಂದ ಶುರು ಮಾಡಿ ಅದು ಸಾಲದಿದ್ದರೆ ಮಾತ್ರ ಮುಂದಕ್ಕೆ ಹೋಗುವುದು. ಕಿಟ್‌ನಲ್ಲಿರುವ ಬಾಟಲಿಗಳಲ್ಲಿ ಅರ್ಧಕ್ಕರ್ಧ ಕಾರಿನ ಹತ್ತಿರವೇ ಇರಬೇಕು.

ಒಳಗೆ ಬರುವುದು, ಹೊರಗೆ ಉಳಿಯುವುದು

ಬರಲಿ: 300ರಿಂದ 400 ಜಿಎಸ್‌ಎಂನ (ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಮೈಕ್ರೋಫೈಬರ್ ಬಟ್ಟೆಗಳು, ಹೊಸದಾಗಿ ತೆಗೆದ ಒಂದು ಡಜನ್ ಇದ್ದರೆ ಸಾಕು. ಮೃದು ಕೂದಲಿನ ಬ್ರಷ್‌ಗಳು, ಎಪಿಸಿ ಎಂದು ಕರೆಯುವ ಆಲ್ ಪರ್ಪಸ್ ಕ್ಲೀನರ್, ಅಂಟಿದ ಕಣಗಳನ್ನು ಎತ್ತುವ ಜೇಡಿಯಂತಹ ಕ್ಲೇ ಬಾರ್, ಸಣ್ಣ ಡಿಎ ಮಶೀನು (ತಿರುಗುತ್ತಲೇ ಓಲಾಡುವ ಪಾಲಿಷಿಂಗ್ ಮಶೀನು), 3 ಇಂಚಿನ ಫೋಮ್ ಪ್ಯಾಡ್‌ಗಳು, ಫಿನಿಷಿಂಗ್ ಪಾಲಿಷ್, ಮಾಸ್ಕಿಂಗ್ ಟೇಪ್, ಅಡ್ಡಬೆಳಕು ಬಿಡಲು ಒಂದು ಒಳ್ಳೆಯ ಟಾರ್ಚು, ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್.

ಹೊರಗೇ ಇರಲಿ: ಟೈರ್ ಡ್ರೆಸಿಂಗ್, ಡ್ಯಾಶ್‌ಬೋರ್ಡ್‌ಗೆ ಹಚ್ಚುವ ಸಿಲಿಕಾನ್ ಸ್ಪ್ರೇ, ಆಸಿಡ್ ಇರುವ ವೀಲ್ ಕ್ಲೀನರ್, ಕಬ್ಬಿಣದ ಕಣ ಕರಗಿಸುವ ಐರನ್ ರಿಮೂವರ್, ಡಾಂಬರಿನ ಕಲೆ ತೆಗೆಯುವ ಟಾರ್ ರಿಮೂವರ್. ಚಳಿಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಕೊನೆಯ ಎರಡರ ವಾಸನೆಯೊಂದೇ ಸಾಕು, ತಲೆ ಹಿಡಿದುಕೊಳ್ಳಲು. ಸಿಲಿಕಾನ್‌ನ ತೊಂದರೆ ಬೇರೆ ತರಹದ್ದು. ನೆಲದ ಮೇಲೆ ಒಂದು ಹನಿ ಬಿದ್ದರೂ ಟೈಲ್ಸ್ ಜಾರುತ್ತದೆ, ಮೆಟ್ಟಿಲ ಮೇಲಾದರೆ ಕೇಳಲೇಬೇಡಿ. ಮರದ ಸಾಮಾನಿಗೆ ತಗುಲಿದರೆ ಅದು ರಂಧ್ರಗಳಲ್ಲಿ ಕೂತು, ಮುಂದೆ ಯಾವತ್ತೋ ಬಡಗಿ ಪಾಲಿಷ್ ಹೊಡೆಯುವಾಗ ಪಾಲಿಷ್ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಆಮೇಲೆ ಉಜ್ಜಿ ತೆಗೆಯುವುದು ದೊಡ್ಡ ಕೆಲಸ. ಅನ್ನ, ತರಕಾರಿ, ಪಾತ್ರೆ ತಾಗುವ ಜಾಗಕ್ಕೆ ಕಾರಿನ ವ್ಯಾಕ್ಸ್, ಸೀಲಂಟ್, ಕೋಟಿಂಗ್ ಎಂಬ ರಕ್ಷಣಾ ಲೇಪಗಳು ಯಾವುದೂ ಬೇಡ. ಅಡುಗೆಕಟ್ಟೆಯ ಗ್ರಾನೈಟ್ ಹೊಳೆಯಲಿ ಅಂತ ವ್ಯಾಕ್ಸ್ ಹಚ್ಚುವವರಿದ್ದಾರೆ. ಚಪಾತಿ ಲಟ್ಟಿಸುವುದೂ ಅದರ ಮೇಲೆಯೇ ಎಂಬುದು ನೆನಪಿರಲಿ.

ಇನ್ನೊಂದು ಎಚ್ಚರಿಕೆ, ಇದರಲ್ಲಿ ರಾಜಿ ಇಲ್ಲ. ಆಸಿಡ್ ಇರುವ ಯಾವುದನ್ನೂ ಬ್ಲೀಚ್ ಜೊತೆ ಸೇರಿಸಬೇಡಿ. ಟಾಯ್ಲೆಟ್ ತೊಳೆಯುವ ದ್ರಾವಣದಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ನೆಲಕ್ಕೆ ಹಾಕುವ ಬ್ಲೀಚಿಂಗ್ ಪೌಡರ್ ಪಕ್ಕದಲ್ಲೇ ಇರುತ್ತದೆ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಒಂದನ್ನು ಬಳಸಿದ ದಿನ ಇನ್ನೊಂದರ ಮುಚ್ಚಳ ತೆಗೆಯದಿರುವುದೇ ಸರಿ.

ಶವರ್ ಗಾಜಿನ ಬಿಳಿ ಕಲೆ

ಬೋರ್‌ವೆಲ್ ನೀರಿನ ಮನೆಗಳಲ್ಲಿ ಡೀಟೇಲಿಂಗ್ ಕೌಶಲಕ್ಕೆ ಅತಿ ಹೆಚ್ಚು ಬೆಲೆ ಸಿಗುವುದು ಇಲ್ಲಿ. ಚಳಿಗಾಲದಲ್ಲಿ ಈ ಕಲೆ ಇನ್ನೂ ಜೋರು. ಗಡಸು ನೀರು ಗೀಸರಿನಲ್ಲಿ ಕಾದಾಗ ಅದರಲ್ಲಿ ಕರಗಿರುವ ಸುಣ್ಣದಂಶ ಬೇರ್ಪಟ್ಟು ಹೊರಬೀಳುತ್ತದೆ, ಬಿಸಿ ಗಾಜಿನ ಮೇಲೆ ಹನಿಗಳು ಬೇಗ ಆರಿ ಅದನ್ನೆಲ್ಲ ಅಲ್ಲೇ ಬಿಟ್ಟುಹೋಗುತ್ತವೆ.

ಗಾಜಿನ ಮೇಲೆ ಇರುವುದು ಒಂದೇ ಕಲೆಯಲ್ಲ, ಪದರ ಪದರ. ಎಲ್ಲಕ್ಕಿಂತ ಮೇಲೆ ಸಾಬೂನಿನ ಜಿಡ್ಡು. ಅದರ ಕೆಳಗೆ ಸುಣ್ಣದ ಪೊರೆ. ತುಂಬ ಹಳೆಯದಾಗಿದ್ದರೆ ತಳದಲ್ಲಿ ಸಿಲಿಕಾ ಕೂತಿರುತ್ತದೆ, ಇಲ್ಲವೇ ಗಾಜೇ ಸವೆದಿರುತ್ತದೆ. ಬಹಳ ಜನ ನೇರವಾಗಿ ಆಸಿಡ್ ಸುರಿದು, ಏನೂ ಹೋಗಲಿಲ್ಲ ಎಂದು ಕೈಬಿಡುತ್ತಾರೆ. ಸಾಬೂನಿನ ಜಿಡ್ಡು ಮೇಲೆ ಕೂತಿರುವಾಗ ಆಸಿಡ್ ಸುಣ್ಣದವರೆಗೆ ಇಳಿಯುವುದೇ ಇಲ್ಲ. ಆದ್ದರಿಂದ ಕ್ರಮ ಮುಖ್ಯ.

ಮೊದಲು ಎಪಿಸಿಯನ್ನು 1ಕ್ಕೆ 10 ಪಾಲು ನೀರಿನಲ್ಲಿ ಬೆರೆಸಿ ಸಿಂಪಡಿಸಿ, ಮೂರು ನಾಲ್ಕು ನಿಮಿಷ ಬಿಟ್ಟು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕಾರು ತೊಳೆಯುವ ಹಾಗಲ್ಲದೆ, ಇಲ್ಲಿ ಕೆಳಗಿನಿಂದ ಮೇಲಕ್ಕೆ ಹಚ್ಚಿ ಮೇಲಿನಿಂದ ಕೆಳಕ್ಕೆ ತೊಳೆದರೆ ಇಳಿದ ಗೆರೆಗಳು ಉಳಿಯುವುದಿಲ್ಲ.

ಆಮೇಲೆ ಆಸಿಡ್. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಸಿಡ್ 50 ಗ್ರಾಂ, ಉಗುರುಬೆಚ್ಚಗಿನ ನೀರು 1 ಲೀಟರ್. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಸಿಂಪಡಿಸುವ ಮೊದಲು ಸುತ್ತಲಿನ ಟೈಲ್ಸ್ ಸಂದಿಗಳನ್ನು ಬರೀ ನೀರಿನಿಂದ ಚೆನ್ನಾಗಿ ನೆನೆಸಿ. ಸಿಮೆಂಟಿನ ರಂಧ್ರಗಳಲ್ಲಿ ನೀರು ತುಂಬಿದ್ದರೆ ಆಸಿಡ್ ಒಳಗೆ ಹೋಗುವುದು ಕಡಿಮೆ. ಗಾಜಿನ ಮೇಲೆ ಟಿಶ್ಯೂ ಪೇಪರ್ ಅಂಟಿಸಿ ಅದರ ಮೇಲೆ ಸಿಂಪಡಿಸಿದರೆ ದ್ರಾವಣ ಇಳಿದು ಹೋಗದೆ ಹಿಡಿದುಕೊಳ್ಳುತ್ತದೆ. ಹತ್ತು ನಿಮಿಷ ಸಾಕು. ಹತ್ತಿರದಿಂದ ನೋಡಿದರೆ ಕಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಏಳುವುದು ಕಾಣುತ್ತದೆ, ಅದು ಸುಣ್ಣ ಕರಗುವ ಗುರುತು. ಪೇಪರ್ ತೆಗೆದು ಉಜ್ಜಿ, ತೊಳೆದು, ಬೇಕಿದ್ದರೆ ಇನ್ನೊಮ್ಮೆ ಮಾಡಿ. ಗುಳ್ಳೆಯೇ ಏಳದಿದ್ದರೆ ಆಸಿಡ್ ಗಟ್ಟಿ ಮಾಡಿ ಪ್ರಯೋಜನವಿಲ್ಲ, ಅಲ್ಲಿ ಸುಣ್ಣ ಮುಗಿದಿದೆ ಅಂತಲೇ ಅರ್ಥ.

ಕ್ರೋಮ್ ನಲ್ಲಿಗಳ ಮೇಲೆ ಈ ದ್ರಾವಣ ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ಚಿನ್ನದ ಬಣ್ಣದ, ಕಪ್ಪು ಮ್ಯಾಟ್ ಬಣ್ಣದ ಫಿಟಿಂಗ್ ಇದ್ದರೆ ಅದರ ಹತ್ತಿರ ಹೋಗಬೇಡಿ, ಟೇಪ್ ಸುತ್ತಿಬಿಡಿ. ಮಾರ್ಬಲ್ ಮತ್ತು ಮೊಸಾಯಿಕ್ ನೆಲಕ್ಕೆ ಒಂದು ಹನಿಯೂ ಬೀಳಬಾರದು. ಎರಡರಲ್ಲೂ ಇರುವುದು ಸುಣ್ಣದ ಕಲ್ಲೇ. ನಿಮ್ಮ ಆಸಿಡ್‌ಗೆ ಕಲೆಯ ಸುಣ್ಣ ಯಾವುದು, ನೆಲದ ಸುಣ್ಣ ಯಾವುದು ಗೊತ್ತಾಗುವುದಿಲ್ಲ. ಟಾಯ್ಲೆಟ್ ಆಸಿಡ್ಡನ್ನು ಗಾಜಿಗೆ ಹಾಕುವುದೂ ಬೇಡ. ಗಾಜಿಗೆ ಏನಾಗದಿದ್ದರೂ ಅದರ ಆವಿ ಹಿಂಜು, ಹಿಡಿ, ನಲ್ಲಿ ಎಲ್ಲದರ ಹೊಳಪನ್ನೂ ತಿನ್ನುತ್ತದೆ.

ಮೂರನೆಯದು ಕ್ಲೇ. 50 ಗ್ರಾಂನಷ್ಟು ಕ್ಲೇಯನ್ನು ಬೆಚ್ಚಗಿನ ನೀರಿನಲ್ಲಿ ನಾದಿ ಅಂಗೈಯಷ್ಟು ತಟ್ಟಿಕೊಳ್ಳಿ, ಚಳಿಗೆ ಅದು ಕಲ್ಲಾಗಿರುತ್ತದೆ. ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಕಾರ್ ಶಾಂಪೂ ಹಾಕಿದ್ದೇ ಜಾರುಕ. ಅರ್ಧ ಅಡಿ ಚೌಕದಷ್ಟು ಜಾಗದಲ್ಲಿ ನೇರವಾಗಿ ಹಿಂದೆ ಮುಂದೆ ಆಡಿಸಿ. ಮೊದಲು ಕರಕರ ಎಳೆಯುತ್ತದೆ, ಸ್ವಚ್ಛವಾದ ಮೇಲೆ ಸದ್ದಿಲ್ಲದೆ ಜಾರುತ್ತದೆ. ಕೈತಪ್ಪಿ ನೆಲಕ್ಕೆ ಬಿದ್ದ ಕ್ಲೇಯನ್ನು ಎಸೆಯಬೇಕು. ಒಂದು ಮರಳಿನ ಕಣ ಅಂಟಿದ್ದರೂ ಗಾಜಿನುದ್ದ ಗೆರೆ.

ಗಾಜು ಪೂರ್ತಿ ಒಣಗಿದ ಮೇಲೂ ಹನಿಯ ನೆರಳು ಕಾಣುತ್ತಿದ್ದರೆ ಅದು ಸಿಲಿಕಾ, ಇಲ್ಲವೇ ಸವೆದ ಗಾಜು. ಯಾವ ಮನೆಬಳಕೆಯ ಆಸಿಡ್‌ಗೂ ಅದು ಜಗ್ಗುವುದಿಲ್ಲ, ಪಾಲಿಷ್ ಮಾಡಿಯೇ ತೆಗೆಯಬೇಕು. ಕಾರಿನ ಬಣ್ಣ ಉಜ್ಜುವ ಕಾಂಪೌಂಡ್ ಗಾಜಿನ ಮೇಲೆ ಹೆಚ್ಚು ಕೆಲಸ ಮಾಡುವುದಿಲ್ಲ. ಬೇಕಾದದ್ದು ಸೀರಿಯಂ ಆಕ್ಸೈಡ್ ಪುಡಿ. ವಿಂಡ್‌ಶೀಲ್ಡ್ ಪಾಲಿಷ್ ಮಾಡುವವರು ಬಳಸುವುದು ಇದನ್ನೇ. ನೀರಿನಲ್ಲಿ ನೀರುದೋಸೆ ಹಿಟ್ಟಿನ ಹದಕ್ಕೆ ಕಲಸಿ, ಫೆಲ್ಟ್ ಪ್ಯಾಡಿಗೆ ಹಚ್ಚಿ, 1000ರಿಂದ 1200 ಆರ್‌ಪಿಎಂನಲ್ಲಿ ಒಂದಡಿ ಚೌಕಕ್ಕೆ ಮೂರು ನಾಲ್ಕು ನಿಮಿಷ. ನಡುನಡುವೆ ನೀರು ಚಿಮುಕಿಸುತ್ತಿರಬೇಕು. ಒಣ ಪ್ಯಾಡ್ ಒಂದೇ ಕಡೆ ನಿಂತರೆ ಗಾಜು ಕಾದು ಒಡೆಯಬಹುದು. ಮುಟ್ಟಿ ನೋಡಿದರೆ ಬೆಚ್ಚಗಿರಬೇಕು, ಸುಡಬಾರದು. ಬಚ್ಚಲುಮನೆಯಲ್ಲಿ ವೈರ್ ಇರುವ ಮಶೀನು ಬೇಡವೇ ಬೇಡ, ಬ್ಯಾಟರಿಯದ್ದೇ ಆಗಬೇಕು. ಗೋಡೆ, ಟೈಲ್ಸ್ ಸಂದಿಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ, ಸಿಡಿದ ಸೀರಿಯಂ ಸಂದಿಯಲ್ಲಿ ಒಣಗಿದರೆ ಅದನ್ನು ಕೀಳುವುದು ಗಾಜಿಗಿಂತ ದೊಡ್ಡ ಕೆಲಸ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಇದು ತೆಗೆಯುವುದಿಲ್ಲ, ಪ್ರಯತ್ನಪಟ್ಟರೆ ಅಲ್ಲಿ ಗಾಜು ಗುಳಿಬಿದ್ದು ನೋಟ ಅಲುಗಿದ ಹಾಗೆ ಕಾಣುತ್ತದೆ.

ಕೊನೆಗೆ ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಗ್ಲಾಸ್ ಕೋಟಿಂಗ್ ಹಾಕಬಹುದು. ಚಳಿಯಲ್ಲಿ ಅದು ಗಟ್ಟಿಯಾಗಲು ನಿಧಾನ. ಡಬ್ಬಿಯ ಮೇಲೆ 12 ಗಂಟೆ ಎಂದಿದ್ದರೆ ಒಂದು ಪೂರ್ತಿ ದಿನ ಆ ಬಚ್ಚಲನ್ನು ಯಾರೂ ಬಳಸದಿರುವುದು ಒಳ್ಳೆಯದು, ಎಕ್ಸಾಸ್ಟ್ ಫ್ಯಾನ್ ಓಡುತ್ತಿರಲಿ. ಆದರೆ ಕೋಟಿಂಗ್ ಬಗ್ಗೆ ಅತಿ ಆಸೆ ಬೇಡ. ಅದು ನೀರನ್ನು ಮುತ್ತಿನಂತೆ ನಿಲ್ಲಿಸುತ್ತದೆ. ಗಡಸು ನೀರಿನ ಆ ಮುತ್ತು ಅಲ್ಲೇ ಆರಿದರೆ ಗುಂಡನೆ ಕಲೆ ಇನ್ನೂ ಎದ್ದು ಕಾಣುತ್ತದೆ. ಕಲೆ ಸುಲಭವಾಗಿ ಬಿಡುತ್ತದೆ ಅನ್ನುವುದಷ್ಟೇ ಲಾಭ. ಸ್ನಾನ ಆದ ಮೇಲೆ ರಬ್ಬರ್ ವೈಪರ್‌ನಿಂದ ಅರ್ಧ ನಿಮಿಷ ನೀರೆಳೆಯುವ ಮನೆಗೆ ಕೋಟಿಂಗ್ ಬೇಕಾಗುವುದೇ ಇಲ್ಲ. ಎಳೆಯದ ಮನೆಯಲ್ಲಿ ಅದು ಬಾಳುವುದೂ ಇಲ್ಲ.

ಅಡುಗೆಮನೆಯ ಹೊಳಪು ಬಾಗಿಲುಗಳು

ಮಾಡ್ಯುಲರ್ ಕಿಚನ್ನಿನ ಹೊಳೆಯುವ ಬಾಗಿಲಿನ ಮೇಲೆ ಕೆಲಸದವರು ಸ್ಕ್ರಬ್ಬರ್ ಆಡಿಸಿ ಬಿಟ್ಟ ಗುಂಡು ಗೀರುಗಳು ಕಪ್ಪು ಕಾರಿನ ಮೇಲಿನ ಸ್ವರ್ಲ್ ಗುರುತುಗಳೇ. ಆದರೆ ಎಲ್ಲ ಬಾಗಿಲೂ ಪಾಲಿಷ್ ತಡೆಯುವುದಿಲ್ಲ. ಬಾಗಿಲು ತೆರೆದು ಅಂಚು ನೋಡಿ.

ಬಣ್ಣ ಮುಖದಿಂದ ಅಂಚಿನವರೆಗೆ ಎಲ್ಲೂ ಜೋಡಣೆಯಿಲ್ಲದೆ ಹರಿದಿದ್ದರೆ ಅದು ಪಿಯು (ಪಾಲಿಯುರೆಥೇನ್) ಪೇಂಟ್, ಅಂದರೆ ಹೆಚ್ಚುಕಡಿಮೆ ಕಾರಿನ ಬಣ್ಣವೇ. ಧೈರ್ಯವಾಗಿ ಪಾಲಿಷ್ ಮಾಡಬಹುದು. ಅಂಚಿಗೆ ಬೇರೆ ಪಟ್ಟಿ ಅಂಟಿಸಿದ್ದು, ಮುಖದಲ್ಲಿ ಗಾಜಿನಂತಹ ಆಳ ಕಾಣುತ್ತಿದ್ದರೆ ಅಕ್ರಿಲಿಕ್. ಪಾಲಿಷ್ ಆಗುತ್ತದೆ, ಬಿಸಿ ತಡೆಯುವುದಿಲ್ಲ. ಅಂಚಿನಲ್ಲಿ ಸುಮಾರು ಒಂದು ಮಿಲಿಮೀಟರಿನ ಕಂದು ಗೆರೆ ಕಂಡರೆ ಸನ್ಮೈಕಾ. ಅದರ ಹೊಳಪು ಇರುವುದು ಮೇಲಿನ ತೆಳು ಮೆಲಮೈನ್ ಪದರದಲ್ಲಿ. ಪಾಲಿಷ್ ಮಾಡಿದರೆ ಗೀರು ಹೋಗುವ ಮೊದಲು ಹೊಳಪೇ ಹೋಗುತ್ತದೆ. ಮುಖದ ಹಾಳೆಯೇ ಅಂಚಿಗೆ ಮಡಿಚಿಕೊಂಡು ಹಿಂಬದಿ ಬರೀ ಬಿಳಿ ಹಲಗೆ ಇದ್ದರೆ ಮೆಂಬ್ರೇನ್, ಪ್ಲಾಸ್ಟಿಕ್ ಹಾಳೆ. ಮಶೀನಿನ ಬಿಸಿಗೆ ಅದು ಏಳುತ್ತದೆ. ಸನ್ಮೈಕಾ, ಮೆಂಬ್ರೇನ್ ಎರಡನ್ನೂ ತೊಳೆದು ಒರೆಸಿ ಬಿಡಿ. ಮ್ಯಾಟ್ ಇದ್ದರೆ, ಯಾವ ಜಾತಿಯದ್ದೇ ಆಗಲಿ, ಪಾಲಿಷ್ ತಾಗಿಸಲೇಬಾರದು. ಉಜ್ಜಿದಷ್ಟು ಜಾಗ ಹೊಳೆಯುವ ತೇಪೆಯಾಗಿ ಉಳಿಯುತ್ತದೆ, ಅದಕ್ಕೆ ಮದ್ದಿಲ್ಲ.

ಒಗ್ಗರಣೆಯ ಜಿಡ್ಡು ತೆಗೆಯದೆ ಮಶೀನು ಇಟ್ಟರೆ ಪ್ಯಾಡ್ ಒಂದೇ ಬಾಗಿಲಿಗೆ ಅಂಟಂಟಾಗಿ ಸಾಯುತ್ತದೆ. ಒಲೆಯ ಅಕ್ಕಪಕ್ಕ 1ಕ್ಕೆ 10, ಉಳಿದ ಕಡೆ 1ಕ್ಕೆ 20 ಎಪಿಸಿ. ಬಾಗಿಲಿಗೆ ನೇರವಾಗಿ ಸಿಂಪಡಿಸದೆ ಬಟ್ಟೆಗೆ ಹಾಕಿಕೊಳ್ಳಿ, ಒಳಗಿರುವುದು ಎಂಡಿಎಫ್, ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಅಂಚಿನ ಸಂದಿಯಿಂದ ನೀರು ಒಳಗಿಳಿದರೆ ಉಬ್ಬಿಕೊಳ್ಳುತ್ತದೆ, ಮತ್ತೆ ಇಳಿಯುವುದಿಲ್ಲ. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಅಕ್ರಿಲಿಕ್ ಮೇಲೆ ಆಲ್ಕೋಹಾಲ್ ಬೇಡ, ಕೂದಲೆಳೆಯಂತಹ ಬಿರುಕು ಬಿಡುವ ಸಾಧ್ಯತೆ ಇದೆ.

ಸಾಧ್ಯವಾದರೆ ಬಾಗಿಲನ್ನೇ ಕಳಚಿ ಟೇಬಲ್ ಮೇಲೆ ದಪ್ಪ ಟವೆಲ್ ಹಾಸಿ ಮಲಗಿಸಿ. ಈಚಿನ ಹಿಂಜುಗಳಲ್ಲಿ ಹಿಂದಿನ ಕ್ಲಿಪ್ ಒತ್ತಿದರೆ ಬಾಗಿಲು ಕೈಗೆ ಬರುತ್ತದೆ. ನಿಂತ ಬಾಗಿಲು ಅಲುಗಾಡುತ್ತಿದ್ದರೆ ಮಶೀನಿನ ಒತ್ತಡ ಸಮ ಬೀಳುವುದಿಲ್ಲ. ಹಿಡಿ ಮತ್ತು ನಾಲ್ಕೂ ಅಂಚಿಗೆ ಟೇಪ್. ಪಿಯು ಬಣ್ಣ ಎಲ್ಲಕ್ಕಿಂತ ತೆಳುವಾಗಿರುವುದು ಅಂಚಿನಲ್ಲೇ.

ಮೃದು ಫಿನಿಷಿಂಗ್ ಪ್ಯಾಡ್, ಬಟಾಣಿ ಗಾತ್ರದ ಮೂರು ಹನಿ ಪಾಲಿಷ್, ಡಿಎ ಸ್ಪೀಡ್ 3. ಒಂದೂವರೆ ಅಡಿ ಚೌಕದೊಳಗೆ, ಅರ್ಧರ್ಧ ಮೇಲೆಮೇಲೆ ಬರುವಂತೆ, ಉದ್ದಕ್ಕೆರಡು ಅಡ್ಡಕ್ಕೆರಡು ಸುತ್ತು. ಕೈಯ ಭಾರ ಬೇಡ, ಮಶೀನಿನ ಭಾರವೇ ಸಾಕು. ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಇಷ್ಟಕ್ಕೇ ಮುಕ್ಕಾಲುಪಾಲು ಗೀರು ಹೋಗಿದ್ದರೆ ನಿಲ್ಲಿಸಿಬಿಡಿ. ಕಾರಿನ ಶೋಗೆ ಬೇಕಾದ ಪರಿಪೂರ್ಣತೆ ಅಡುಗೆಮನೆಗೆ ಬೇಡ, ಬಣ್ಣ ಉಳಿದಿರಬೇಕು. ಗೀರು ಹಾಗೇ ಇದ್ದರೆ ಪ್ಯಾಡನ್ನು ಒಂದು ಮೆಟ್ಟಿಲು ಗಟ್ಟಿಯದಕ್ಕೆ ಬದಲಿಸಿ, ಪಾಲಿಷ್ ಅದೇ ಇರಲಿ. ಅಕ್ರಿಲಿಕ್‌ಗಾದರೆ ಸ್ಪೀಡ್ 2, ಎರಡೇ ಸುತ್ತು, ಆರಲು ಬಿಟ್ಟು ಮತ್ತೆರಡು.

ಪ್ಯಾಡಿಗೆ ಬಾಗಿಲಿನ ಬಣ್ಣ ಹತ್ತಿದರೆ ಗಾಬರಿಯಾಗಬೇಡಿ. ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇಲ್ಲದ ಬಣ್ಣ ಹಾಗೆಯೇ ಬಿಡುತ್ತದೆ, ಹಳೆಯ ಅಂಬಾಸಿಡರ್ ಪಾಲಿಷ್ ಮಾಡಿದವರಿಗೆ ಗೊತ್ತಿರುವ ಸಂಗತಿ. ಕೆಂಪು ಬಾಗಿಲಿನಿಂದ ಕೆಂಪು ಬರುತ್ತಿದ್ದದ್ದು ಬೆಳ್ಳಗಾದರೆ ಮಾತ್ರ ಬಣ್ಣದ ಕೆಳಗಿನ ಪ್ರೈಮರ್ ಮುಟ್ಟಿದ್ದೀರಿ, ಅಲ್ಲಿಗೆ ಮುಗಿಯಿತು. ಕೊನೆಯಲ್ಲಿ ಹೊರಮುಖಕ್ಕಷ್ಟೇ ಒಂದು ತೆಳು ಸ್ಪ್ರೇ ಸೀಲಂಟ್ ಕೊಟ್ಟರೆ ಮುಂದಿನ ಸಲ ಜಿಡ್ಡು ಒದ್ದೆ ಬಟ್ಟೆಗೇ ಬಿಡುತ್ತದೆ.

ಸ್ಟೀಲು, ಒಲೆ, ಚಿಮಣಿ

ಫ್ರಿಜ್ಜು, ಸಿಂಕುಗಳ ಸ್ಟೀಲಿನಲ್ಲಿ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಹರಿದಿರುತ್ತವೆ. ಒರೆಸುವುದೂ ಆ ದಿಕ್ಕಿಗೇ ಇರಬೇಕು. ತಿರುಗುವ ಮಶೀನು ಇಟ್ಟರೆ ಆ ಗೆರೆಗಳು ಅಳಿಸಿ ಗುಂಡನೆ ಮಚ್ಚೆ ಬೀಳುತ್ತದೆ. ಬೆರಳಚ್ಚು ಹಿಡಿಯದ ಫ್ರಿಜ್ ಎಂದು ಕೊಟ್ಟಿದ್ದರೆ ಮೇಲೆ ಪಾರದರ್ಶಕ ಲೇಪವಿದೆ, ಅದಕ್ಕೆ ಮೆಟಲ್ ಪಾಲಿಷ್ ಹಾಕಿದರೆ ಲೇಪವೇ ಕಿತ್ತುಬರುತ್ತದೆ. ಸಿಂಕಿನಲ್ಲಿ ಕಾಣುವ ಕಂದು ಚುಕ್ಕೆಗಳು ಬಹುಪಾಲು ಸಿಂಕಿನ ತುಕ್ಕಲ್ಲ, ಕಬ್ಬಿಣದ ನಾರಿನಿಂದ ಉದುರಿದ ಚೂರುಗಳು ಕೂತು ಹಿಡಿದ ತುಕ್ಕು. ಮೇಲೆ ಹೇಳಿದ ಸಿಟ್ರಿಕ್ ದ್ರಾವಣದಲ್ಲೇ ಹೋಗುತ್ತವೆ.

ಗ್ಯಾಸ್ ಒಲೆಯ ಗಾಜಿನ ಮೇಲೆ ಉಕ್ಕಿದ ಹಾಲು ಸುಟ್ಟು ಅಂಟಿದ್ದರೆ, ಒಲೆ ಪೂರ್ತಿ ತಣ್ಣಗಾದ ಮೇಲೆ ಎಪಿಸಿಯಲ್ಲಿ ಅದ್ದಿದ ಬಟ್ಟೆಯನ್ನು ಹದಿನೈದು ನಿಮಿಷ ಹೊದಿಸಿ. ನಂತರ ಸ್ಟಿಕ್ಕರ್ ಕೀಳುವ ಪ್ಲಾಸ್ಟಿಕ್ ಬ್ಲೇಡು. ಅದಕ್ಕೂ ಬಗ್ಗದಿದ್ದರೆ ಹೊಸ ಉಕ್ಕಿನ ಬ್ಲೇಡನ್ನು ತೀರಾ ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ, ಒದ್ದೆ ಗಾಜಿನ ಮೇಲೆ ಮುಂದಕ್ಕೆ ಮಾತ್ರ ನೂಕಿ. ಹಿಂದಕ್ಕೆ ಎಳೆದರೆ ಸಿಕ್ಕಿದ ಕಣ ಗೀರು ಹಾಕುತ್ತದೆ. ಒಲೆಗೆ ಕೋಟಿಂಗ್, ವ್ಯಾಕ್ಸ್ ಯಾವುದೂ ಬೇಡ, ಉರಿಗೆ ಹೊಗೆಯಾಡುತ್ತದೆ.

ಚಿಮಣಿಯ ಫಿಲ್ಟರ್ ಸ್ಟೀಲಿನ ಪಟ್ಟಿಗಳದ್ದಾದರೆ ಎಪಿಸಿ 1ಕ್ಕೆ 4, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಮುಗಿಯಿತು. ಅಲ್ಯೂಮಿನಿಯಂ ಜಾಲರಿಯಾದರೆ ತೀಕ್ಷ್ಣ ಕ್ಷಾರವಿರುವ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರಾವಣ), ಕಾಸ್ಟಿಕ್ ಸೋಡಾ ಹಾಕಬೇಡಿ. ಅಲ್ಯೂಮಿನಿಯಂ ಕಪ್ಪಾಗಿ ಸವೆಯುತ್ತದೆ. ಪಾತ್ರೆ ತೊಳೆಯುವ ದ್ರವವೇ ಸಾಕು.

ಸೋಫಾ

ಬಟ್ಟೆಯ ಸೋಫಾ ತೊಳೆಯುವುದು ಕಾರಿನ ಸೀಟು ತೊಳೆದಂತೆಯೇ, ಒಂದು ವ್ಯತ್ಯಾಸದೊಂದಿಗೆ. ಸೀಟಿನ ಫೋಮ್ ತೆಳುವಾಗಿರುತ್ತದೆ, ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಬಹುದು. ಸೋಫಾದಲ್ಲಿ ಐದಾರು ಇಂಚು ಫೋಮ್, ಕೆಳಗೆ ಪ್ಲೈವುಡ್. ಒಳಗೆ ಇಳಿದ ನೀರು ಹೊರಗೆ ಬರುವ ದಾರಿಯಿಲ್ಲ. ಸೋಫಾ ಹಾಳಾಗುವುದು ಹೆಚ್ಚಾಗಿ ನೀರಿನಿಂದಲೇ ಹೊರತು ಕೊಳೆಯಿಂದಲ್ಲ.

ಬೆಳಗ್ಗೆ ಹತ್ತು ಗಂಟೆಗೆ ಶುರು ಮಾಡಿದರೆ ಇಡೀ ದಿನದ ಒಣ ಹವೆ ಸಿಗುತ್ತದೆ. ಮೊದಲು ಹಿಂಬದಿಯ ಕೆಳಗೆ ಬಿಳಿ ಬಟ್ಟೆಯನ್ನು ಎಪಿಸಿ ದ್ರಾವಣದಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಅಲ್ಲಿಗೇ ಬಿಟ್ಟು ಡ್ರೈಕ್ಲೀನಿಂಗ್‌ನವರಿಗೆ ಕೊಡಿ. ಲೇಬಲ್ ಇದ್ದರೆ ನೋಡಿ: ಡಬ್ಲ್ಯೂ ಅಕ್ಷರವಿದ್ದರೆ ನೀರು ಹಾಕಬಹುದು, ಎಸ್ ಇದ್ದರೆ ನೀರು ಬೇಡ, ಎಕ್ಸ್ ಇದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಇಲ್ಲ.

ಒಣ ವ್ಯಾಕ್ಯೂಮ್‌ಗೆ ಆತುರ ಬೇಡ, ಒಂದೊಂದು ಸೀಟಿಗೆ ಎರಡು ಮೂರು ನಿಮಿಷ. ಇಲ್ಲಿ ಬಿಟ್ಟ ಧೂಳು ಆಮೇಲೆ ಕೆಸರಾಗುತ್ತದೆ. ನಂತರ ಎಪಿಸಿ 1ಕ್ಕೆ 15, ಒಂದು ಸೀಟಿಗೆ 150 ಮಿಲಿ ದಾಟದಂತೆ, ಮಂಜಿನ ಹಾಗೆ ಸಿಂಪಡಿಸಿ ಮೃದು ಬ್ರಷ್‌ನಿಂದ ನಾಲ್ಕೂ ದಿಕ್ಕಿಗೆ ಆಡಿಸಿ ಐದು ನಿಮಿಷ ಬಿಡಿ. ಒಣಗಲು ಮಾತ್ರ ಬಿಡಬಾರದು. ಕಲೆ ಇರುವಷ್ಟೇ ಜಾಗ ಒದ್ದೆ ಮಾಡಿದರೆ ಒಣಗಿದ ಮೇಲೆ ಉಂಗುರ ಉಳಿಯುತ್ತದೆ. ಯಾವತ್ತೂ ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಪೂರ್ತಿ ಮಾಡಬೇಕು.

ಎಕ್ಸ್‌ಟ್ರಾಕ್ಟರ್ (ನೀರು ಬಿಟ್ಟು ಅದನ್ನು ತಾನೇ ಹೀರುವ ಮಶೀನು) ಇದ್ದರೆ ಬಿಸಿನೀರು ಬಿಟ್ಟು ಎಳೆಯಿರಿ, ಇಲ್ಲದಿದ್ದರೆ ಸ್ಪ್ರೇ ಬಾಟಲಿ ಮತ್ತು ನೀರೆಳೆಯುವ ವ್ಯಾಕ್ಯೂಮ್ ಸಾಕು. ನೀರು ಬಿಡುತ್ತ ಒಂದು ಸಲ ಎಳೆದರೆ, ನೀರಿಲ್ಲದೆ ಮೂರು ಸಲ ಎಳೆಯಬೇಕು. ಹೀರಿದ ನೀರು ತಿಳಿಯಾಗುವವರೆಗೆ ಬರೀ ನೀರಿನಲ್ಲಿ ಮುಗಿಸಿ. ಎಪಿಸಿ ಉಳಿದುಬಿಟ್ಟರೆ ಬಟ್ಟೆ ಬಿರುಸಾಗುತ್ತದೆ, ಅಂಟಿಗೆ ಧೂಳು ಹಿಡಿದು ಎರಡೇ ವಾರದಲ್ಲಿ ಮೊದಲಿಗಿಂತ ಕೊಳಕು ಕಾಣುತ್ತದೆ. ಕೊನೆಗೆ ಟೇಬಲ್ ಫ್ಯಾನು ಓರೆಯಾಗಿ ಬೀಸುತ್ತಿರಲಿ, ಕುಶನ್‌ಗಳನ್ನು ನಿಲ್ಲಿಸಿ ಇಡಿ. ಸಂಜೆಗೆ ಒಣಗಿರಬೇಕು. ಮಾರನೇ ದಿನವೂ ಒಳಗೆ ತಣ್ಣಗಿದ್ದರೆ ಮುಗ್ಗಲು ವಾಸನೆ ಬಂದೇ ಬರುತ್ತದೆ. ಕರಾವಳಿಯವರು ಚಳಿಗಾಲದಲ್ಲೂ ನೀರಿನ ಪ್ರಮಾಣ ಇನ್ನೂ ಕಡಿಮೆ ಇಟ್ಟುಕೊಳ್ಳುವುದು ಒಳಿತು.

ಚರ್ಮದ ಸೋಫಾ ಮೇಲೆ ಒಂದು ಹನಿ ನೀರು ಹಾಕಿ. ಹನಿ ನಿಂತರೆ ಅದು ಕಾರಿನ ಸೀಟಿನಂತೆ ಬಣ್ಣದ ಲೇಪವಿರುವ ಚರ್ಮ, ಲೆದರ್ ಕ್ಲೀನರ್ ನಡೆಯುತ್ತದೆ. ಇಂಗಿ ಕಪ್ಪಾದರೆ ಲೇಪವಿಲ್ಲದ ಚರ್ಮ, ಅದನ್ನು ಮುಟ್ಟದಿರುವುದು ಲೇಸು. ರೆಕ್ಸಿನ್‌ಗೆ ಕಂಡಿಷನರ್ ಹಚ್ಚುವುದು ದುಡ್ಡು ದಂಡ, ಅದು ಏನನ್ನೂ ಹೀರುವುದಿಲ್ಲ. ಚಕ್ಕೆ ಚಕ್ಕೆಯಾಗಿ ಏಳುತ್ತಿರುವ ಕೃತಕ ಚರ್ಮ ಪಿಯು ಲೆದರೆಟ್‌ಗೆ ಯಾವ ಬಾಟಲಿಯಲ್ಲೂ ಔಷಧಿಯಿಲ್ಲ, ಹೊದಿಕೆ ಬದಲಿಸಬೇಕು. ಬೂಷ್ಟು ಹಿಡಿದ ಚೀಲ, ಬೆಲ್ಟು, ಜಾಕೆಟ್ಟುಗಳನ್ನು ಅಂಗಳಕ್ಕೆ ಒಯ್ದು ಮೂಗಿಗೆ ಮಾಸ್ಕ್ ಹಾಕಿ ಬ್ರಷ್ ಮಾಡಿ. ಒಳಗೆ ಕೊಡವಿದರೆ ಬೂಷ್ಟು ಬೀರುವಿನ ಉಳಿದ ಬಟ್ಟೆಗೂ ಹಬ್ಬುತ್ತದೆ.

ಮರ ಮತ್ತು ಹಿತ್ತಾಳೆ

ಹಳೆಯ ತೇಗದ ಕುರ್ಚಿ, ಮಂಚ, ಬಾಗಿಲುಗಳಿಗೆ ಫ್ರೆಂಚ್ ಪಾಲಿಷ್ ಇರುವ ಸಾಧ್ಯತೆ ಹೆಚ್ಚು. ಅದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚಿದ್ದು, ಹಾಗಾಗಿ ಸ್ಪಿರಿಟ್ ತಾಗಿದರೆ ಮತ್ತೆ ಕರಗುತ್ತದೆ. ಕಾರಿನಲ್ಲಿ ಕೈಗೆ ಅಂಟಿಕೊಂಡ ಅಭ್ಯಾಸದಂತೆ ಪಾಲಿಷ್ ಮುಂಚೆ ಆಲ್ಕೋಹಾಲ್‌ನಿಂದ ಒರೆಸಿದಿರೋ, ಬಟ್ಟೆಗೆ ಪಾಲಿಷೇ ಎದ್ದುಬರುತ್ತದೆ. ಕುರ್ಚಿಯ ಕೆಳಗೆ ಕಾಣದ ಕಡೆ ಹತ್ತಿಯ ತುದಿಯಿಂದ ಒಂದು ಹನಿ ಸ್ಪಿರಿಟ್ ತಾಗಿಸಿ. ಅರ್ಧ ನಿಮಿಷದಲ್ಲಿ ಅಂಟಾದರೆ ಅರಗು, ಏನೂ ಆಗದಿದ್ದರೆ ಪಿಯು ಅಥವಾ ಮೆಲಮೈನ್ ಪಾಲಿಷ್. ಅರಗಿನದ್ದಾದರೆ ಒಣ ಬಟ್ಟೆಯಿಂದ ಧೂಳು ತೆಗೆದು, ಸಿಲಿಕಾನ್ ಇಲ್ಲದ ಕಾರ್ನೂಬಾ (ಒಂದು ಬಗೆಯ ತಾಳೆ ಎಲೆಯ ಮೇಣ) ಪೇಸ್ಟ್ ವ್ಯಾಕ್ಸನ್ನು ತೀರಾ ತೆಳುವಾಗಿ ಹಚ್ಚಿ ಹತ್ತು ನಿಮಿಷದ ಮೇಲೆ ಉಜ್ಜಿದರೆ ಸಾಕು. ಕೆತ್ತನೆಯ ಸಂದಿಯಲ್ಲಿ ವ್ಯಾಕ್ಸ್ ತುಂಬಿದರೆ ಬೆಳ್ಳಗೆ ಒಣಗಿ ಅಸಹ್ಯವಾಗಿ ಕಾಣುತ್ತದೆ, ಅಲ್ಲಿಗೆ ಬ್ರಷ್ಷಿನಲ್ಲಿ ಉಳಿದ ಪಸೆಯೇ ಸಾಕು.

ಹಿತ್ತಾಳೆಗೆ ಹುಣಸೆಹಣ್ಣೇ ಮೊದಲ ಮೆಟ್ಟಿಲು. ಆದರೆ ಹಚ್ಚಿ ಮರೆತುಬಿಟ್ಟರೆ ಹುಳಿ ಮೇಲ್ಮೈಯ ಸತುವನ್ನು ಎಳೆದುಕೊಂಡು ತಾಮ್ರದ ಗುಲಾಬಿ ಛಾಯೆ ಉಳಿಸುತ್ತದೆ. ಎರಡು ಮೂರು ನಿಮಿಷದಲ್ಲಿ ತೊಳೆದು ಕೂಡಲೇ ಒರೆಸಿ. ಆ ಮೇಲೆ ಮೆಟಲ್ ಪಾಲಿಷ್. ಪ್ಯಾಡ್ ಕಪ್ಪಾಗುವುದು ಸಹಜ, ಬಟ್ಟೆಯ ಮಡಿಕೆ ಬದಲಿಸುತ್ತಿರಿ. ಶೋಕೇಸಿನ ಮೂರ್ತಿಗಳಿಗೆ ತೆಳು ವ್ಯಾಕ್ಸ್ ಕೊಟ್ಟರೆ ಹೊಳಪು ಬಹಳ ದಿನ ನಿಲ್ಲುತ್ತದೆ. ಉರಿಯುವ ದೀಪಕ್ಕೆ, ನೈವೇದ್ಯದ ಪಾತ್ರೆಗೆ ವ್ಯಾಕ್ಸ್ ಬೇಡ. ಚಿನ್ನದ ನೀರು, ಬೆಳ್ಳಿಯ ನೀರು ಕೊಟ್ಟ ಸಾಮಾನಿಗೆ ಪಾಲಿಷ್ ಹಾಕಿದರೆ ಆ ಲೇಪ ಅಲ್ಲಿಗೇ ಮುಗಿಯಿತು.

ಫ್ಯಾನು

ಚಳಿಗಾಲದ ಅತಿ ಸುಲಭದ ಕೆಲಸ. ಎಂಸಿಬಿ ಇಳಿಸಿ, ಹಳೆಯ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ ಎಳೆದರೆ ಧೂಳೆಲ್ಲ ಒಳಗೇ ಬೀಳುತ್ತದೆ. ಉಳಿದ ಜಿಡ್ಡಿಗೆ ಬಟ್ಟೆಗೆ ಹಾಕಿದ 1ಕ್ಕೆ 10 ಎಪಿಸಿ. ಮೋಟಾರಿನ ಕಡೆ ಸಿಂಪಡಿಸಬಾರದು. ರೆಕ್ಕೆಯನ್ನು ಕೆಳಗಿನಿಂದ ಇನ್ನೊಂದು ಕೈಯಿಂದ ಆಧರಿಸಿ ಒರೆಸಿ, ಬಗ್ಗಿದ ರೆಕ್ಕೆ ಬೇಸಿಗೆಯಲ್ಲಿ ಅಲುಗಾಡಿ ತಲೆ ತಿನ್ನುತ್ತದೆ. ಒಣಗಿದ ಮೇಲೆ ಎರಡೂ ಬದಿಗೆ ತೆಳುವಾಗಿ ವ್ಯಾಕ್ಸ್ ಉಜ್ಜಿದರೆ ಮುಂದಿನ ಸಲ ಒಣ ಬಟ್ಟೆಗೇ ಧೂಳು ಬರುತ್ತದೆ. ಸ್ವಿಚ್ ಬೋರ್ಡಿಗೂ ಇದೇ ಕ್ರಮ, ವ್ಯಾಕ್ಸ್ ಒಂದು ಬಿಟ್ಟು. ಟಿವಿ ಪರದೆಗೆ ಒಣ ಮೈಕ್ರೋಫೈಬರ್, ತೀರಾ ಬೇಕಿದ್ದರೆ ಬಟ್ಟೆಗೆ ನಾಲ್ಕು ಹನಿ ಬ್ಯಾಟರಿ ನೀರು, ಅಷ್ಟೇ. ಬ್ಯಾಟರಿ ನೀರೆಂದರೆ ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ, ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳಿ.

ಹಿಮದ ಊರುಗಳಲ್ಲಿ

ಟೊರೊಂಟೊ, ಷಿಕಾಗೊ ಕಡೆಯ ಕನ್ನಡಿಗರಿಗೆ ಈ ಲೆಕ್ಕ ಸ್ವಲ್ಪ ಬೇರೆ. ಗರಾಜಿನಲ್ಲಿ ಬಿಟ್ಟ ಪಾಲಿಷ್, ಸೀಲಂಟ್, ಶಾಂಪೂಗಳು ಹೆಪ್ಪುಗಟ್ಟಿ ಕರಗಿದರೆ ಒಳಗಿನ ಎಣ್ಣೆ, ನೀರು ಬೇರೆಯಾಗಿ ಮತ್ತೆ ಕೂಡುವುದಿಲ್ಲ. ಮೊದಲು ಅವನ್ನು ಮನೆಯ ಬೇಸ್‌ಮೆಂಟಿಗೆ ತನ್ನಿ. ರಸ್ತೆಯ ಉಪ್ಪು ಶೂಗಳಲ್ಲಿ ಬಂದು ಬಾಗಿಲ ಬಳಿಯ ಮ್ಯಾಟು, ಕಾರ್ಪೆಟ್ಟಿನಲ್ಲಿ ಬೆಳ್ಳಗೆ ಒಣಗಿರುತ್ತದೆ. ಒಣಗಿದ್ದನ್ನು ಬ್ರಷ್‌ನಿಂದ ಎಬ್ಬಿಸಿ ವ್ಯಾಕ್ಯೂಮ್ ಮಾಡಿ, ಬಿಳಿ ವಿನೆಗರ್ ಮತ್ತು ಬಿಸಿನೀರು ಸಮಸಮ ಬೆರೆಸಿ ಸಿಂಪಡಿಸಿ, ಐದು ನಿಮಿಷದ ಮೇಲೆ ಎಳೆಯಿರಿ. ಕಾರಿನ ಫ್ಲೋರ್ ಮ್ಯಾಟಿಗೆ ಮಾಡುವುದೂ ಇದನ್ನೇ. ಹೀಟರ್ ಓಡುವ ಮನೆಯ ಗಾಳಿ ತುಂಬ ಒಣ, ಸೋಫಾ ಬೇಗ ಆರುತ್ತದೆ. ಆದರೆ ಕಿಟಕಿ ತೆರೆಯಲಾಗದ ದಿನ ಆಲ್ಕೋಹಾಲ್, ಕೋಟಿಂಗ್ ಕೆಲಸ ಇಟ್ಟುಕೊಳ್ಳಬೇಡಿ. ಬೇಸ್‌ಮೆಂಟಿನ ಫರ್ನೇಸ್ ಹತ್ತಿರವಂತೂ ಬೇಡವೇ ಬೇಡ, ಅಲ್ಲಿ ಒಳಗೆ ಉರಿ ಇರುತ್ತದೆ.

ಬಟ್ಟೆಗಳ ವಿಚಾರ

ಅಡುಗೆಮನೆ, ಬಚ್ಚಲಿಗೆ ಬಳಸಿದ ಮೈಕ್ರೋಫೈಬರ್ ಕಾರಿನ ಬಣ್ಣಕ್ಕೆ ಮರಳಬಾರದು. ಟೈಲ್ಸಿನ ಮರಳು, ಸೀರಿಯಂ, ಸ್ಟೀಲಿನ ಪುಡಿ ಎಳೆಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಒಗೆದರೂ ಪೂರ್ತಿ ಬಿಡುವುದಿಲ್ಲ. ಕೋಣೆಗೊಂದು ಬಣ್ಣ ಇಟ್ಟುಕೊಳ್ಳಿ. ಹೊಸ ಬಟ್ಟೆಯ ಲೇಬಲ್ ಕತ್ತರಿಸಿ ತೆಗೆಯಿರಿ, ಪಿಯು ಬಾಗಿಲಿನ ಮೇಲೆ ಅದೇ ಗೀರು ಹಾಕುತ್ತದೆ. ಪ್ರತಿ ಬಟ್ಟೆಯನ್ನು ನಾಲ್ಕಾಗಿ ಮಡಿಚಿದರೆ ಎಂಟು ಮುಖ ಸಿಗುತ್ತದೆ, ಒಂದು ಕೊಳೆಯಾದಾಗ ಮುಂದಿನದಕ್ಕೆ ತಿರುಗಿಸುತ್ತ ಹೋಗಿ.

ಒಗೆಯುವಾಗ ಹತ್ತಿಬಟ್ಟೆಯ ಜೊತೆ ಸೇರಿಸಬೇಡಿ, ಹತ್ತಿಯ ನಾರೆಲ್ಲ ಇದಕ್ಕೆ ಅಂಟುತ್ತದೆ. ಲಿಕ್ವಿಡ್ ಡಿಟರ್ಜೆಂಟ್, 40 ಡಿಗ್ರಿ ನೀರು. ಫ್ಯಾಬ್ರಿಕ್ ಸಾಫ್ಟ್‌ನರ್ ಮತ್ತು ಬ್ಲೀಚ್ ಎರಡೂ ಬೇಡ. ಸಾಫ್ಟ್‌ನರ್ ಎಳೆಗಳಿಗೆ ಪೊರೆ ಕಟ್ಟಿ ಹೀರುವ ಶಕ್ತಿಯನ್ನೇ ಕೊಲ್ಲುತ್ತದೆ, ಆಮೇಲೆ ಗಾಜಿನ ಮೇಲೆ ಒರೆಸಿದಷ್ಟೂ ಮಬ್ಬು. ಬೋರ್‌ವೆಲ್ ನೀರಿನಲ್ಲಿ ಒಗೆದು ಬಿರುಸಾದ ಬಟ್ಟೆಗೆ ಕೊನೆಯ ಜಾಲಾಟದಲ್ಲಿ ಒಂದು ಬಕೆಟ್ ನೀರಿಗೆ 50 ಮಿಲಿ ಬಿಳಿ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿದರೆ ಮತ್ತೆ ಮೆತ್ತಗಾಗುತ್ತದೆ. ನೆರಳಲ್ಲಿ ಒಣಗಿಸಿ, ಮುಚ್ಚಳವಿರುವ ಡಬ್ಬದಲ್ಲಿ ಇಡಿ.